ನೀರು ಏರಿದರೂ ಬಿಡದ ಕೈ

ಧ್ಯಾನಕ್ಕೆ: ಕೀರ್ತನೆ 121, ಮಾರ್ಕ 4:35-41, ಯೊವಾನ್ನ 6:66-69



ಅರಸೀಕೆರೆಯ ಕಡೆಯವರಿಗೆ ಮಾಲೇಕಲ್ಲಿನ ಬೆಟ್ಟವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬೆಟ್ಟದ ಮೇಲೆ ವೆಂಕಟರಮಣಸ್ವಾಮಿಯ ಗುಡಿ. ಹತ್ತಿ ಹೋಗಲು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳು. ಆಷಾಢದ ಜಾತ್ರೆಯ ದಿನಗಳಲ್ಲಿ ನಮ್ಮ ಹಿಂದೂ ನೆರೆಹೊರೆಯವರು ಅದನ್ನು ಹತ್ತುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಹರೆಯದವರು ಓಡಿ ಹತ್ತುತ್ತಾರೆ, ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ಕುಳಿತುಬಿಡುತ್ತಾರೆ. ವಯಸ್ಸಾದ ಅಜ್ಜಿಯರು ಹಾಗಲ್ಲ. ತಲೆ ಎತ್ತಿ ತುದಿಯನ್ನು ನೋಡುವುದೇ ಇಲ್ಲ. ಮೊಮ್ಮಗನ ತೋಳು ಹಿಡಿದು, ಒಂದು ಮೆಟ್ಟಿಲಿನ ಮೇಲೆ ಎರಡೂ ಪಾದ ಊರಿ, ಸ್ವಲ್ಪ ನಿಂತು, ಮತ್ತೆ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಾರೆ. ಹೊತ್ತಾದರೂ ಮೇಲೆ ತಲುಪುತ್ತಾರೆ.

ನಮ್ಮ ಪವಿತ್ರ ಬೈಬಲಿನಲ್ಲಿಯೂ ಬೆಟ್ಟ ಹತ್ತುವವರ ಹಾಡುಗಳಿವೆ. ಕೀರ್ತನೆ 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳನ್ನು ಯೆರೂಸಲೇಮಿಗೆ ಹೋಗುವ ಯಾತ್ರಿಕರು ಹಾಡುತ್ತಿದ್ದರೆಂದು ಹೇಳುತ್ತಾರೆ. ಅವುಗಳಲ್ಲಿ 121ನೆಯದು ನಮಗೆಲ್ಲ ಪರಿಚಿತ. ಎದುರಿಗೆ ನಿಂತ ಬೆಟ್ಟವನ್ನು ಕಂಡು ಯಾತ್ರಿಕನ ಎದೆ ಒಮ್ಮೆ ನಡುಗುತ್ತದೆ. ನನಗೆ ನೆರವು ಎಲ್ಲಿಂದ ಬಂದೀತು ಎಂದು ಕೇಳಿಕೊಳ್ಳುತ್ತಾನೆ. ಬೆಟ್ಟ ಬಾನುಗಳನ್ನು ಉಂಟುಮಾಡಿದವನಿಂದಲೇ ಎಂದು ತಾನೇ ಉತ್ತರಿಸಿಕೊಳ್ಳುತ್ತಾನೆ. ದಾರಿ ಸಮತಟ್ಟಾಗುತ್ತದೆ ಎಂದು ಆ ಕೀರ್ತನೆ ಎಲ್ಲಿಯೂ ಹೇಳುವುದಿಲ್ಲ. ಕಾಯುವ ದೇವರು ಕಣ್ಣು ಮುಚ್ಚುವುದಿಲ್ಲ ಎನ್ನುತ್ತದೆ, ಅಷ್ಟೇ.

ಆದರೆ ಪ್ರಿಯರೇ, ಕಾಯುವಾತನೇ ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದಾನೆ ಎಂದು ತೋರುವ ದಿನಗಳು ನಮ್ಮ ಮನೆಗಳಲ್ಲಿ ಬರುವುದಿಲ್ಲವೇ? ಆಗ ಏನು ಮಾಡಬೇಕು? ಇಂದು ನಾವು ಕೂಡಿ ಯೋಚಿಸಬೇಕಾದ ಮಾತು ಇದೇ.

ದೋಣಿಯಲ್ಲಿ ಮಲಗಿದ್ದ ಪ್ರಭು

ಸಂತ ಮಾರ್ಕನು ಬರೆದ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸಂಜೆಯ ಹೊತ್ತು. ಸರೋವರದ ಆಚೆ ದಡಕ್ಕೆ ಹೋಗೋಣ ಎಂದು ಹೇಳಿದವರು ಬೇರೆ ಯಾರೂ ಅಲ್ಲ, ಯೇಸುಸ್ವಾಮಿಯೇ. ಶಿಷ್ಯರು ಆ ಮಾತಿನಂತೆ ದೋಣಿ ಹತ್ತಿದರು. ಬಿರುಗಾಳಿ ಬಂದದ್ದು ಆಮೇಲೆ. ಅವರು ಮಾತು ಮೀರಿ ಹೊರಟವರಲ್ಲ. ಮಾತು ಕೇಳಿ ಹೊರಟವರು. ಆದರೂ ಅಲೆ ದೋಣಿಯೊಳಗೆ ನುಗ್ಗಿತು.

ಇದನ್ನು ನಾವು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಮನೆಗೆ ಕಷ್ಟ ಬಂದ ಕೂಡಲೇ ನಮ್ಮ ಬಾಯಲ್ಲಿ ಬರುವ ಮೊದಲ ಮಾತು, "ನಾನೇನು ತಪ್ಪು ಮಾಡಿದೆ?" ಎಂಬುದು. ಅಕ್ಕಪಕ್ಕದವರೂ ಅದನ್ನೇ ಪಿಸುಗುಡುತ್ತಾರೆ. ಕೆಲವರು ಕಣಿ ಕೇಳಲು ಹೋಗುತ್ತಾರೆ; ಯಾರೋ ಮಾಟ ಮಾಡಿಸಿದ್ದಾರೆಂದು ನಂಬಿ ಒಡಹುಟ್ಟಿದವರ ಮೇಲೇ ಹಗೆ ಬೆಳೆಸಿಕೊಳ್ಳುತ್ತಾರೆ. ಬಿರುಗಾಳಿ ಬಂದಿತೆಂಬ ಒಂದೇ ಕಾರಣಕ್ಕೆ ನಾವು ತಪ್ಪು ದೋಣಿಯಲ್ಲಿದ್ದೇವೆಂದು ಅರ್ಥವಲ್ಲ. ಶಿಷ್ಯರು ಇರಬೇಕಾದ ದೋಣಿಯಲ್ಲಿಯೇ ಇದ್ದರು, ಇರಬೇಕಾದವರ ಜೊತೆಯಲ್ಲಿಯೇ ಇದ್ದರು.

2020ರ ಮಾರ್ಚ್ 27ರ ಸಂಜೆ ನಿಮಗೆ ನೆನಪಿರಬಹುದು. ಕೊರೋನಾ ರೋಗದ ಭಯಕ್ಕೆ ಲೋಕವೆಲ್ಲ ಬಾಗಿಲು ಹಾಕಿಕೊಂಡಿತ್ತು. ನಮ್ಮ ದೇವಾಲಯಗಳಲ್ಲೂ ಜನರಿಲ್ಲದೆ ಬಲಿಪೂಜೆ ನಡೆಯುತ್ತಿತ್ತು. ರೋಮಿನಲ್ಲಿ ಮಳೆ ಹನಿಯುತ್ತಿತ್ತು. ಸಂತ ಪೇತ್ರರ ಮಹಾದೇವಾಲಯದ ಮುಂದಿನ ಬರಿದಾದ ಅಂಗಳದಲ್ಲಿ ಜಗದ್ಗುರು ಫ್ರಾನ್ಸಿಸರು ಒಬ್ಬರೇ ನಡೆದು ಬಂದು ಇದೇ ಬಿರುಗಾಳಿಯ ವಾಕ್ಯವನ್ನು ಕುರಿತು ಬೋಧಿಸಿದರು. ಹಿಂದೆ 1522ರಲ್ಲಿ ಪ್ಲೇಗು ಬಂದಾಗ ರೋಮಿನ ಬೀದಿಗಳಲ್ಲಿ ಮೆರವಣಿಗೆಯಲ್ಲಿ ಹೊತ್ತೊಯ್ದಿದ್ದ ಶಿಲುಬೆಯನ್ನೇ ಅಂದು ಅಲ್ಲಿ ನಿಲ್ಲಿಸಿದ್ದರು. ನಾವೆಲ್ಲರೂ ಒಂದೇ ದೋಣಿಯಲ್ಲಿದ್ದೇವೆ ಎಂಬುದೇ ಅವರ ಮಾತಿನ ತಿರುಳಾಗಿತ್ತು. ಅಂದು ಸಂಜೆಗೇ ರೋಗ ನಿಲ್ಲಲಿಲ್ಲ. ಅದಾದ ಮೇಲೂ ನಾವು ಎಷ್ಟೋ ಮಂದಿಯನ್ನು ಮಣ್ಣು ಮಾಡಿದೆವು. ಕೆಲವರ ಮುಖವನ್ನೂ ಕೊನೆಯದಾಗಿ ನೋಡಲಾಗಲಿಲ್ಲ.

ಹಾಗಾದರೆ ಪ್ರಾರ್ಥನೆಯಿಂದ ಆದದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ರೋಮಿಗೆ ಹೋಗಬೇಕಾಗಿಲ್ಲ. ನಮ್ಮ ಹಾಸನ ಜಿಲ್ಲೆಯಲ್ಲಿಯೇ ಒಂದು ಸಾಕ್ಷಿ ನೀರಿನ ನಡುವೆ ನಿಂತಿದೆ.

ಶೆಟ್ಟಿಹಳ್ಳಿಯ ಪಾಠ

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದರ ಗೋಡೆಗಳು ಬಹುಪಾಲು ನೀರಿನಲ್ಲಿ ಅಡಗುತ್ತವೆ. ಬೇಸಿಗೆಯಲ್ಲಿ ನೀರಿಳಿದಾಗ ಚಾವಣಿಯಿಲ್ಲದ ಕಂಬ, ಕಮಾನುಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನಿಂದ ಬಂದವರು ಅದರ ಮುಂದೆ ನಿಂತು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅದು ಚಿತ್ರಕ್ಕೆ ಚೆಂದ. ಅಲ್ಲಿ ಜ್ಞಾನಸ್ನಾನ ಪಡೆದವರಿಗೆ, ಮದುವೆಯಾದವರಿಗೆ, ಹೆತ್ತವರನ್ನು ಅಲ್ಲಿನ ಮಣ್ಣಿಗೆ ಒಪ್ಪಿಸಿದವರಿಗೆ ಅದು ಚಿತ್ರವಲ್ಲ.

ಆ ನೆಲದ ಕ್ರೈಸ್ತ ಚರಿತ್ರೆ ಹಳೆಯದು. ಫ್ರೆಂಚ್ ಗುರು ಅಬ್ಬೆ ದ್ಯುಬುವಾ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಬಡ ಕ್ರೈಸ್ತರು ಬೇಸಾಯ ಮಾಡಿ ಬದುಕಲೆಂದು ಒಕ್ಕಲು ನೆಲೆಗಳನ್ನು ಕಟ್ಟಿಕೊಟ್ಟರು. ಅಷ್ಟೆಲ್ಲ ಮಾಡಿಯೂ 1823ರಲ್ಲಿ ತಾಯ್ನಾಡಿಗೆ ಮರಳುವಾಗ, ಈ ದೇಶದಲ್ಲಿ ತಮ್ಮ ದುಡಿಮೆ ಫಲ ಕೊಡಲಿಲ್ಲವೆಂಬ ನಿರಾಶೆಯನ್ನೇ ಬರೆದಿಟ್ಟು ಹೋದರು. ಅವರು ಹೋದ ನಾಲ್ಕು ದಶಕಗಳಲ್ಲಿ, 1860ರ ದಶಕದಲ್ಲಿ, ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳೇ ಎತ್ತರದ ದೇವಾಲಯವನ್ನು ಕಟ್ಟಿದರು. ಸೋತೆವೆಂದು ನಾವು ಲೆಕ್ಕ ಮುಗಿಸಿದ ಮೇಲೂ ದೇವರು ಲೆಕ್ಕ ಮುಗಿಸಿರುವುದಿಲ್ಲ.

ಗೆದ್ದೆವೆಂದು ನಾವು ಮಾಡಿದ ಲೆಕ್ಕವೂ ಹಾಗೆಯೇ. ನೂರು ವರ್ಷ ದಾಟಿದ ಆ ದೇವಾಲಯ ಇನ್ನು ಎಂದೆಂದಿಗೂ ನಿಲ್ಲುವುದೆಂದು ಜನ ನಂಬಿದ್ದಿರಬೇಕು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟೆ ಬಂದಿತು. 1979ರಲ್ಲಿ ಅದು ಪೂರ್ಣಗೊಂಡಿತು. ಹಲವು ಹಳ್ಳಿಗಳು ಮುಳುಗಡೆಯಾದವು. ಹಿಂದೂಗಳು, ಕ್ರೈಸ್ತರು ಎಂಬ ಭೇದವಿಲ್ಲದೆ ಎಲ್ಲರೂ ಹೊಲ, ಮನೆ, ಗುಡಿ, ಸಮಾಧಿಗಳನ್ನು ಬಿಟ್ಟು ಹೊಸ ನೆಲೆಗಳಿಗೆ ಹೊರಡಬೇಕಾಯಿತು.

ಆ ದಿನಗಳಲ್ಲಿ ಜನ ಪ್ರಾರ್ಥಿಸದೆ ಇದ್ದಾರೆಯೇ? ಮಣಿ ಜಪಿಸುವ ಒಂದೊಂದು ಕೈಯೂ, ನಮ್ಮ ಊರು ಉಳಿಯಲಿ ತಾಯೇ ಎಂದು ಬೇಡಿರದೆ ಇರುತ್ತದೆಯೇ? ಗಲಿಲೇಯದ ಸರೋವರದಲ್ಲಿ ಪ್ರಭು ಎದ್ದು ಗದರಿಸಿದಾಗ ನೀರು ಸುಮ್ಮನಾಯಿತು. ಹೇಮಾವತಿಯ ನೀರು ಸುಮ್ಮನಾಗಲಿಲ್ಲ. ಬಾಗಿಲ ಹೊಸ್ತಿಲು ದಾಟಿ, ಬಲಿಪೀಠವಿದ್ದ ಜಾಗಕ್ಕೇ ಬಂದಿತು.

ಆ ನೀರಿನಿಂದ ಎಷ್ಟೋ ಕಡೆ ಗದ್ದೆ ತೋಟಗಳು ಹಸಿರಾದವು, ನಿಜ. ಆದರೆ ಊರು ಕಳೆದುಕೊಂಡವರಿಗೆ ಆ ಮಾತು ಹೇಳಿ ಅವರ ನೋವನ್ನು ಮುಚ್ಚಿಬಿಡುವುದು ನ್ಯಾಯವಲ್ಲ. ನೋವು ನೋವೇ. ನಾವು ಗಮನಿಸಬೇಕಾದದ್ದು ಇನ್ನೊಂದು. ಮುಳುಗಿದ್ದು ಕಲ್ಲು, ಗಾರೆ, ಇಟ್ಟಿಗೆ. ಅಲ್ಲಿ ಕೂಡುತ್ತಿದ್ದ ಜನ ಹೊಸ ನೆಲೆಗಳಿಗೆ ಹೋದರು. ಅಲ್ಲಿಯೂ ಸಂಜೆ ದೀಪ ಹಚ್ಚಿ ಮೊಣಕಾಲೂರಿದರು, ಮಕ್ಕಳಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದರು. ದೇವಾಲಯ ನೀರಿನಲ್ಲಿ ನಿಂತಿತು, ಧರ್ಮಸಭೆ ಎದ್ದು ನಡೆಯಿತು. ವಿಶ್ವಾಸವೆಂಬುದು ನೀರನ್ನು ತಡೆದು ನಿಲ್ಲಿಸುವ ಅಣೆಕಟ್ಟೆಯೆಂದು ನಾವು ತಿಳಿದಿದ್ದರೆ ಶೆಟ್ಟಿಹಳ್ಳಿಯಲ್ಲಿ ಅದು ಸೋತಿತು. ನೀರು ಏರಿದಾಗಲೂ ನಮ್ಮನ್ನು ಬಿಡದೆ ಹಿಡಿದಿರುವ ಕೈಯೆಂದು ತಿಳಿದರೆ ಅಲ್ಲಿ ಅದು ಸೋಲಲಿಲ್ಲ.

ನಾನು ಹೇಳಬಾರದಿತ್ತು

ಇಷ್ಟನ್ನು ಇಂದು ಬರೆಯುತ್ತಿದ್ದೇನೆ. ಆದರೆ ಎಳೆಯ ಗುರುವಾಗಿದ್ದಾಗ ನನಗೆ ಇದು ತಿಳಿದಿರಲಿಲ್ಲ. ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ಒಳ್ಳೆಯದು.

ತೆಂಗಿನ ಸೀಮೆಯ ಒಂದು ಹಳ್ಳಿ. ಸತತ ಬರದಿಂದ ತೋಟ ಒಣಗಿತ್ತು. ತೆಂಗು ಕೈಗೆ ಬರಬೇಕಾದರೆ ಆರೇಳು ವರ್ಷ ಮಗುವಿನಂತೆ ಸಾಕಬೇಕು. ಒಣಗಲು ಎರಡು ಬೇಸಿಗೆ ಸಾಕು. ಮನೆಯ ಯಜಮಾನ ಸಾಲ ಮಾಡಿ ಎರಡು ಕೊಳವೆಬಾವಿ ಕೊರೆಸಿದ್ದ. ಎರಡರಲ್ಲೂ ನೀರು ಬರಲಿಲ್ಲ. ಸಾಲದ ಸಂಗತಿಯನ್ನು ಹೆಂಡತಿಗೂ ಹೇಳಿರಲಿಲ್ಲ. ಒಂದು ದಿನ ಎದೆನೋವೆಂದು ಕುಳಿತವನು ಏಳಲಿಲ್ಲ. ನಾನು ಹೋದಾಗ ಆ ತಾಯಿ ನಡುಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಮಡಿಲಲ್ಲಿ ಚಿಕ್ಕ ಮಗು.

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ಎಲ್ಲಾ ದೇವರ ಚಿತ್ತ ಅಮ್ಮ" ಎಂದುಬಿಟ್ಟೆ.

ಆಕೆ ಮುಖವೆತ್ತಿ ನನ್ನನ್ನು ನೋಡಿ, "ಹಂಗಾದ್ರೆ ದೇವ್ರಿಗೆ ನಮ್ಮ ಮೇಲೆ ಅಂಥಾ ಹಗೆ ಏನಿತ್ತು ಸ್ವಾಮ್ಯೋರೆ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಮರಳಿ ಬರುವಾಗ ದಾರಿಯುದ್ದಕ್ಕೂ ಯೋಬನ ಗೆಳೆಯರು ನೆನಪಾದರು. ಅವರು ಮೊದಲು ಬಂದಾಗ ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ವಿವರಿಸಲು ತೊಡಗಿದ ಮೇಲೆ ಅವರು ಯೋಬನಿಗೆ ಎರಡನೆಯ ಕಷ್ಟವಾದರು. ಕೊನೆಯಲ್ಲಿ ದೇವರು ಮೆಚ್ಚಿದ್ದು ವಿವರಣೆ ಕೊಟ್ಟವರನ್ನಲ್ಲ. ಅತ್ತು, ಜಗಳವಾಡಿ, ಆದರೂ ದೇವರ ಕಡೆಗೇ ಮುಖ ಮಾಡಿ ನಿಂತಿದ್ದ ಯೋಬನನ್ನು.

ಆ ತಾಯಿ ಭಾನುವಾರ ತಪ್ಪದೆ ಬಲಿಪೂಜೆಗೆ ಬರುತ್ತಿದ್ದಳು. ಕೊನೆಯ ಸಾಲಿನಲ್ಲಿ ಕೂರುವಳು; ಹಾಡುತ್ತಿರಲಿಲ್ಲ. ವರ್ಷ ಕಳೆದ ಮೇಲೆ ಒಂದು ದಿನ ಆಕೆಯನ್ನು ನಿಲ್ಲಿಸಿ, ಅಂದು ನಾನು ಆಡಿದ ಮಾತಿಗಾಗಿ ಕ್ಷಮೆ ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಇದೆ:

"ಸಿಟ್ಟು ಇನ್ನೂ ಹೋಗಿಲ್ಲ ಸ್ವಾಮ್ಯೋರೆ. ಆದ್ರೆ ಆ ಸಿಟ್ಟನ್ನ ಅವನ ಹತ್ರ ಹೇಳ್ಕೊಳ್ಳದೆ ಬೇರೆ ಯಾರ ಹತ್ರ ಹೇಳ್ಕೊಳ್ಳಲಿ?"

ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಹಲವರು ಯೇಸುವನ್ನು ಬಿಟ್ಟು ಹೋದಾಗ, ನೀವೂ ಹೋಗುವಿರೋ ಎಂದು ಪ್ರಭು ಕೇಳುತ್ತಾರೆ. ಪೇತ್ರನ ಉತ್ತರದಲ್ಲಿ ದೊಡ್ಡ ಜಂಭವಿಲ್ಲ. ಹೋಗುವುದಾದರೂ ಯಾರ ಬಳಿಗೆ ಎಂಬ ದಿಕ್ಕಿಲ್ಲದವನ ಮಾತೇ ಅದು. ಅದೇ ಉತ್ತರವನ್ನು ಆ ತಾಯಿ ತನ್ನ ಹಳ್ಳಿಯ ಮಾತಿನಲ್ಲಿ ಹೇಳಿದ್ದಳು. ಅಂದು ಬೋಧನೆ ಮಾಡಿದವಳು ಆಕೆ, ಕೇಳಿದವನು ನಾನು.

ಅಟ್ಟದ ಮೇಲಿನ ಕಾಯಿ

"ಪ್ರಾರ್ಥನೆಗೆ ಕೂತರೆ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ, ಬರೀ ಬಾಯಿಮಾತು" ಎಂದು ಕೊರಗುವವರು ಎಷ್ಟೋ ಮಂದಿ. ಅವರಿಗೆ ನಾನು ಕಲ್ಕತ್ತೆಯ ಸಂತ ತೆರೇಸಾ ತಾಯಿಯನ್ನು ನೆನಪಿಸುತ್ತೇನೆ. 2007ರಲ್ಲಿ ಆಕೆಯ ಖಾಸಗಿ ಪತ್ರಗಳು ಪ್ರಕಟವಾದಾಗ ಲೋಕ ಬೆರಗಾಯಿತು. ಸುಮಾರು ಐವತ್ತು ವರ್ಷ ಆಕೆಯ ಒಳಗೆ ಕತ್ತಲೆಯಿತ್ತು. ದೇವರ ಸಾಮೀಪ್ಯದ ಸವಿ ಇರಲಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಎದ್ದು ಪ್ರಾರ್ಥಿಸಿದಳು, ಬೀದಿಯಲ್ಲಿ ಬಿದ್ದವರನ್ನು ಎತ್ತಿದಳು. 2016ರಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು. ಮನಸ್ಸಿಗೆ ಹಿತವೆನಿಸುವುದು ವಿಶ್ವಾಸವಲ್ಲ. ಹಿತವಿಲ್ಲದಾಗಲೂ ಬಿಡದಿರುವುದು ವಿಶ್ವಾಸ.

ಅರಸೀಕೆರೆ, ತಿಪಟೂರಿನ ಕಡೆಯ ಮನೆಗಳಲ್ಲಿ ಉಂಡೆ ಕೊಬ್ಬರಿ ಮಾಡುವುದನ್ನು ನೋಡಿದ್ದೀರಷ್ಟೆ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೆರಡು ತಿಂಗಳು ಅದು ಕತ್ತಲಲ್ಲಿ ಇರುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಒಳಗೆ ಮಾತ್ರ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪನ್ನು ಬಿಡುತ್ತಾ ಬರುತ್ತದೆ. ಅಲುಗಾಡಿಸಿದಾಗ ಒಳಗಿನಿಂದ ಸದ್ದು ಬಂದರೆ ಕೊಬ್ಬರಿ ಆಗಿದೆ ಎಂದರ್ಥ. ಅವಸರಪಟ್ಟು ಮೊದಲೇ ಒಡೆದವನಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ನಮ್ಮ ಕೆಲವು ವರ್ಷಗಳು ಅಟ್ಟದ ಮೇಲಿನ ಕಾಯಿಯಂತೆ. ಅವನ್ನು ಕಾಯಬೇಕು, ಅಷ್ಟೇ. ಸಂತ ಪೌಲರೂ ತಮ್ಮ ಮೈಯೊಳಗಿನ ಮುಳ್ಳನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿದರು. ಮುಳ್ಳು ಹೋಗಲಿಲ್ಲ, ಅದನ್ನು ಹೊತ್ತು ನಡೆಯುವ ಕೃಪೆ ಸಿಕ್ಕಿತು.

ಮನೆಯಲ್ಲಿ ಮಾಡಬಹುದಾದದ್ದು

ಪ್ರಿಯ ತಂದೆ ತಾಯಿಯರೇ, ಇದೆಲ್ಲ ದೊಡ್ಡವರ ಮಾತಾಯಿತು, ನಮ್ಮ ಮನೆಯಲ್ಲಿ ಏನು ಮಾಡಬೇಕು ಎಂದು ನೀವು ಕೇಳಬಹುದು. ನಾಲ್ಕು ಸಣ್ಣ ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಪ್ರಾರ್ಥನೆ ಚಿಕ್ಕದಾದರೂ ನಿಲ್ಲದಿರಲಿ. ವಿಯೆಟ್ನಾಮಿನ ಧರ್ಮಾಧ್ಯಕ್ಷ ವಾನ್ ತುವಾನ್‌ರನ್ನು 1975ರಲ್ಲಿ ಬಂಧಿಸಿ ಹದಿಮೂರು ವರ್ಷ ಸೆರೆಯಲ್ಲಿಟ್ಟರು. ಅದರಲ್ಲಿ ಒಂಬತ್ತು ವರ್ಷ ಒಂಟಿ ಕೋಣೆ. ಹೊಟ್ಟೆಯ ಔಷಧಿಯೆಂದು ಹೇಳಿ ತರಿಸಿಕೊಂಡ ದ್ರಾಕ್ಷಾರಸದ ಮೂರು ಹನಿ, ನೀರಿನ ಒಂದು ಹನಿ ಅಂಗೈಯಲ್ಲಿ ಹಾಕಿಕೊಂಡು ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಇಡೀ ಜಪಮಾಲೆಗೆ ನಿಮ್ಮ ಮನಸ್ಸು ನಿಲ್ಲದಿದ್ದರೆ ಹತ್ತು ಮಣಿಯನ್ನಾದರೂ ಜಪಿಸಿ. ಅದೂ ಆಗದ ದಿನ ಶಿಲುಬೆಯನ್ನು ಕೈಯಲ್ಲಿ ಹಿಡಿದು ಮಲಗಿ. ಅಂಗೈಯಷ್ಟು ಜಾಗ ದೇವರಿಗೆ ಸಾಕು.

ಎರಡನೆಯದು, ದುಃಖವನ್ನು ದೇವರಿಂದ ಮುಚ್ಚಿಡಬೇಡಿ. ಶಿಲುಬೆಯ ಮೇಲೆ ಯೇಸುಸ್ವಾಮಿಯೇ ಕೀರ್ತನೆ 22ರ ಮೊದಲ ಸಾಲನ್ನು ಕೂಗಿ ಹೇಳಿದರು. ಕೈಬಿಟ್ಟೆಯಾ ಎಂದು ತಂದೆಯನ್ನೇ ಕೇಳುವ ಸಾಲು ಅದು. ಮಗನೇ ಕೇಳಿದ ಪ್ರಶ್ನೆಯನ್ನು ನೀವು ಕೇಳಿದರೆ ಪಾಪವಲ್ಲ.

ಮೂರನೆಯದು, ಕಷ್ಟವನ್ನು ಮನೆಯವರಿಂದ ಮುಚ್ಚಿಡಬೇಡಿ. ಸಾಲವಿದ್ದರೆ ಹೆಂಡತಿಗೆ ಹೇಳಿ, ಬೆಳೆದ ಮಕ್ಕಳಿಗೆ ಹೇಳಿ. ಮರ್ಯಾದೆ ಹೋಗುತ್ತದೆಂದು ಒಬ್ಬನೇ ಹೊತ್ತುಕೊಂಡ ಭಾರ ಮನೆಯನ್ನೇ ಕೆಡವುತ್ತದೆ. ಕಾಯಿಲೆಯಾದರೆ ವೈದ್ಯರ ಬಳಿಗೆ ಹೋಗಿ. ನಿದ್ದೆ ಬಾರದೆ, ಬದುಕೇ ಬೇಡವೆನಿಸಿದರೆ ಅದೂ ಕಾಯಿಲೆಯೇ. ಅದಕ್ಕೂ ಔಷಧಿಯಿದೆ, ಅದಕ್ಕೂ ವೈದ್ಯರಿದ್ದಾರೆ. ಪ್ರಾರ್ಥನೆ ಮಾಡುವವನಿಗೆ ಮಾತ್ರೆ ಏಕೆ ಎನ್ನುವವರಿಗೆ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಓದಿ ತೋರಿಸಿ. ವೈದ್ಯನನ್ನೂ ಮದ್ದನ್ನೂ ಕೊಟ್ಟವನು ದೇವರೇ ಎಂದು ಅಲ್ಲಿದೆ.

ನಾಲ್ಕನೆಯದು, ಕಷ್ಟದಲ್ಲಿರುವ ಮನೆಗೆ ಹೋಗಿ. ಹೋದಾಗ ಕಾರಣ ಹೇಳಬೇಡಿ. ಚಾಪೆಯ ಮೇಲೆ ಕುಳಿತುಕೊಳ್ಳಿ. ಆ ದಿನದ ಅನ್ನ ಸಾರು ಮಾಡಿಕೊಂಡು ಹೋಗಿ, ಹಸುವಿಗೆ ಹುಲ್ಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ. ತಿಂಗಳ ಪ್ರಾರ್ಥನೆ ಮುಗಿದ ಮೇಲೂ ಹೋಗಿ. ಆಗಲೇ ಮನೆ ಹೆಚ್ಚು ಬಣಗುಡುವುದು. ಬೆಟ್ಟ ಹತ್ತುವ ಅಜ್ಜಿಗೆ ಬೇಕಾದದ್ದು ಬೆಟ್ಟದ ಎತ್ತರ ಹೇಳುವವನಲ್ಲ, ತೋಳು ಕೊಡುವವನು. ದೇವರು ನಮ್ಮ ಕೈಯನ್ನು ಹಿಡಿಯುವುದು ಬಹಳ ಸಲ ಪಕ್ಕದ ಮನೆಯವರ ಕೈಯಿಂದಲೇ.

ಪ್ರಿಯರೇ, ದೋಣಿಯಲ್ಲಿದ್ದ ಶಿಷ್ಯರು ಪ್ರಭುವನ್ನು ಎಬ್ಬಿಸಿದ ಬಗೆಯಲ್ಲಿ ಭಕ್ತಿಯ ನಯವಿರಲಿಲ್ಲ. ಹೆದರಿ, ಸಿಟ್ಟಿನಿಂದ, ನಿಮಗೆ ನಮ್ಮ ಚಿಂತೆಯೇ ಇಲ್ಲವೇ ಎಂಬಂತೆ ಎಬ್ಬಿಸಿದರು. ಪ್ರಭು ಅವರ ಅಲ್ಪವಿಶ್ವಾಸವನ್ನು ಕಂಡು ಪ್ರಶ್ನಿಸಿದರು, ಆದರೆ ಅವರನ್ನು ದೋಣಿಯಿಂದ ಇಳಿಸಲಿಲ್ಲ. ಗಾಳಿ ನಿಂತರೂ ನಿಲ್ಲದಿದ್ದರೂ ಆಚೆ ದಡದವರೆಗೆ ಅವರು ನಮ್ಮ ದೋಣಿಯಲ್ಲಿಯೇ ಇರುತ್ತಾರೆ. ಇದಕ್ಕಿಂತ ಹೆಚ್ಚಿನದನ್ನು ನಾನು ನಿಮಗೆ ಹೇಳಲಾರೆ. ಇದಕ್ಕಿಂತ ಕಡಿಮೆಯದನ್ನು ನೀವು ನಂಬಬೇಕಾಗಿಲ್ಲ.

ಈ ವಾರ ಮನೆಮಂದಿ ಕೂಡಿ ಯೋಚಿಸಲು: ನಮ್ಮಲ್ಲಿ ಯಾರಾದರೂ ಒಬ್ಬರೇ ಹೊತ್ತುಕೊಂಡಿರುವ ಭಾರ ಇದೆಯೇ? ನಾವು ಮಾತಿಲ್ಲದೆ ಹೋಗಿ ಕುಳಿತುಕೊಳ್ಳಬೇಕಾದ ಮನೆ ನಮ್ಮ ಬೀದಿಯಲ್ಲಿ ಯಾವುದು?

ಪ್ರಾರ್ಥನೆ: ಪ್ರಭುವೇ, ನಮ್ಮ ಮನೆಯ ಹೊಸ್ತಿಲವರೆಗೆ ನೀರು ಬಂದಿದೆ. ಅದನ್ನು ಇಳಿಸೆಂದು ಬೇಡುತ್ತೇವೆ. ಇಳಿಯದಿದ್ದರೆ ನಮ್ಮ ಕೈ ಬಿಡಬೇಡ ಎಂದು ಬೇಡುತ್ತೇವೆ. ನಮಗೆ ನಿದ್ದೆ ಬಾರದ ರಾತ್ರಿಯಲ್ಲಿ ನೀನೂ ಎಚ್ಚರವಾಗಿರುವೆ ಎಂಬ ನಂಬಿಕೆಯನ್ನು ಕೊಡು. ನಮಗಿಂತ ಹೆಚ್ಚು ನೊಂದವರ ಬಾಗಿಲಿಗೆ ನಮ್ಮನ್ನು ನಡೆಸು. ಜಪಮಾಲೆಯ ಮಾತೆಯೇ, ಶಿಲುಬೆಯ ಬುಡದಲ್ಲಿ ಮಾತಿಲ್ಲದೆ ನಿಂತವಳೇ, ನಮ್ಮೊಡನೆಯೂ ನಿಲ್ಲು. ಆಮೆನ್.